ದಿಬ್ಬಣ ತಡವಾದರೆ ಹಾಡು ಉದ್ದವಾಗುತ್ತಿತ್ತು

ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ಹೊನ್ನಾವರದ ಆಚೆ ದಡದ ಹುಡುಗನಿಗೂ ಈಚೆ ದಡದ ಹುಡುಗಿಗೂ ಮದುವೆ ನಿಶ್ಚಯವಾದರೆ ಪುರೋಹಿತರನ್ನು ಕೇಳಿದಷ್ಟೇ ಶ್ರದ್ಧೆಯಿಂದ ದೋಣಿಯವನನ್ನೂ ಕೇಳಬೇಕಾಗಿತ್ತು. ಕುಮಟಾ ತಾಲೂಕಿಗೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ, ಭಟ್ಕಳದ ಕಡೆ ಶಿರಾಲಿಯ ಬಳಿ ವೆಂಕಟಾಪುರ ಹೊಳೆ. ಕರಾವಳಿಯ ಈ ಮೂರು ತಾಲೂಕುಗಳಲ್ಲಿ ದಿಬ್ಬಣ ಹೊರಟಿತೆಂದರೆ ಎಲ್ಲಾದರೂ ಒಂದು ಕಡೆ ತಾರಿಗೆ ಕಾಯಲೇಬೇಕು. ಸಮುದ್ರದ ಭರತ ದಿನಕ್ಕೆ ಎರಡು ಬಾರಿ ಬರುತ್ತದೆ, ಪ್ರತಿ ದಿನವೂ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ತಿಥಿ ತಿಳಿದರೆ ನೀರಿನ ಹೊತ್ತನ್ನೂ ಹೇಳಬಲ್ಲ ಅಂಬಿಗರು ಇದ್ದರು, ನಿಜ. ಆದರೆ ಗಾಳಿಯನ್ನು ಹೇಳುವವರು ಯಾರು? ಹೀಗಾಗಿ ಮದುವೆ ಮನೆಯಲ್ಲಿ ಎಲ್ಲವೂ ಸಿದ್ಧವಾಗಿ, ಮದುಮಗನೊಬ್ಬ ಹೊಳೆಯ ಆಚೆ ಉಳಿದುಬಿಡುವುದು ಅಪರೂಪದ ಸಂಗತಿ ಆಗಿರಲಿಲ್ಲ.

ಆ ಹೊತ್ತಿನಲ್ಲಿ ಚಪ್ಪರದಡಿ ಕುಳಿತ ನೂರಾರು ಜನರನ್ನು ಬೇಸರವಾಗದಂತೆ, ಜಗಳವಾಗದಂತೆ ಹಿಡಿದಿಡಬೇಕಲ್ಲ! ಈ ಕೆಲಸಕ್ಕೆಂದೇ ಈ ನಾಡಿನ ಮದುವೆಗಳಲ್ಲಿ ಒಂದು ವ್ಯವಸ್ಥೆ ಬೆಳೆದಿತ್ತು. ಅದನ್ನು ಯಾರೂ ಮನರಂಜನೆಯ ಕಾರ್ಯಕ್ರಮ ಎಂದು ಕರೆಯಲಿಲ್ಲ. ಹಾಡು, ಹಾಸ್ಯ, ವಾಲಗ, ಅರ್ಥಗಾರಿಕೆ ಎಲ್ಲವೂ ಶಾಸ್ತ್ರದ ಜೊತೆಗೇ ಹೆಣೆದುಕೊಂಡಿದ್ದವು. ಬೇಕಾದಾಗ ಹಿಗ್ಗುವುದು, ಸಾಕೆಂದಾಗ ಕುಗ್ಗುವುದು ಅವೆಲ್ಲಕ್ಕೂ ಇದ್ದ ಗುಣ.

ಹೊತ್ತನ್ನು ಅಳೆಯುತ್ತಿದ್ದ ಬಗೆಯಿಂದಲೇ ಇದನ್ನು ನೋಡಬಹುದು. ಗೋಡೆ ಗಡಿಯಾರ ಮನೆಮನೆಗೆ ಬರುವ ಮೊದಲು ಧಾರೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ಮೆಲ್ಲನೆ ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ ಇಂದಿನ 24 ನಿಮಿಷ. ದಿನಕ್ಕೆ 60 ಗಳಿಗೆ. ಒಮ್ಮೆ ಮುಳುಗಿದೊಡನೆ ಎತ್ತಿ ಮತ್ತೆ ತೇಲಿಬಿಡಬೇಕು. ಲೆಕ್ಕ ಇಡುವವನು ಮಾತಿಗೆ ಕುಳಿತರೆ ಮುಹೂರ್ತವೇ ತಪ್ಪಿತು. ಅತ್ತ ವಧೂವರರ ನಡುವೆ ಅಂತಃಪಟ ಹಿಡಿದು ಮಂಗಳಾಷ್ಟಕ ಹೇಳುತ್ತಿರುತ್ತಾರೆ. ಹೆಸರು ಅಷ್ಟಕವಾದರೂ ಎಂಟಕ್ಕೇ ನಿಲ್ಲಬೇಕೆಂದಿಲ್ಲ. ಗಳಿಗೆ ಇನ್ನೂ ತುಂಬದಿದ್ದರೆ ಇನ್ನೊಂದು ಶ್ಲೋಕ, ಮತ್ತೊಂದು ಶ್ಲೋಕ. ಬಟ್ಟಲು ಮುಳುಗಿತೋ, ವಾಲಗ ಮೊಳಗಬೇಕು, ಪರದೆ ಸರಿಯಬೇಕು. ಪರದೆಯ ಹಿಂದೆ ನಿಂತ ಇಬ್ಬರಿಗೆ ಆ ಶ್ಲೋಕಗಳು ಎಷ್ಟು ದೀರ್ಘವೆನಿಸಿದವೋ ಯಾರೂ ಬರೆದಿಟ್ಟಿಲ್ಲ.

ಶ್ಲೋಕಕ್ಕಿಂತ ಹೆಚ್ಚಿನ ಹೊಣೆ ಹೊತ್ತಿದ್ದವರು ಹೆಂಗಸರು. ಹವ್ಯಕರಲ್ಲಾಗಲಿ, ನಾಮಧಾರಿ, ಒಕ್ಕಲಿಗ, ಅಂಬಿಗರ ಮನೆಗಳಲ್ಲಾಗಲಿ ಮದುವೆಯ ಒಂದೊಂದು ಘಟ್ಟಕ್ಕೂ ಹಾಡಿತ್ತು. ಅರಿಶಿನ ಎಣ್ಣೆ ಹಚ್ಚುವಾಗ, ಹೂ ಮುಡಿಸುವಾಗ, ದಿಬ್ಬಣ ಎದುರುಗೊಳ್ಳುವಾಗ, ಹಸೆಗೆ ಕರೆಯುವಾಗ, ಧಾರೆಗೆ, ಆರತಿಗೆ, ಕೊನೆಗೆ ಹೆಣ್ಣು ಒಪ್ಪಿಸುವಾಗ. ಇವುಗಳಿಗೆ ಪುಸ್ತಕ ಇರಲಿಲ್ಲ. ಊರಿನಲ್ಲಿ ಹಾಡು ಬಲ್ಲ ಒಬ್ಬಿಬ್ಬರು ಹಿರಿಯ ಹೆಂಗಸರು ಇರುತ್ತಿದ್ದರು. ಮದುವೆ ಹೇಳಿಕೆಗೆ ಹೋದಾಗ ಅವರಿಗೆ ಬೇರೆಯಾಗಿಯೇ, ಒತ್ತಾಯ ಮಾಡಿ ಹೇಳಿ ಬರುತ್ತಿದ್ದರು. ಒಬ್ಬರು ಎತ್ತಿ ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು. ಮದುಮಗಳ ಅಲಂಕಾರ ಮುಗಿದಿಲ್ಲವೆಂದು ಒಳಗಿನಿಂದ ಸನ್ನೆ ಬಂದರೆ ಹಾಡಿನಲ್ಲಿ ಒಂದು ಒಡವೆ ಹೆಚ್ಚಾಗುತ್ತಿತ್ತು, ಒಂದು ಹೂವಿನ ಹೆಸರು ಸೇರುತ್ತಿತ್ತು. ದಿಬ್ಬಣ ಅಂಗಳಕ್ಕೆ ಬಂದೇಬಿಟ್ಟಿತೆಂದರೆ ಮೂರು ನುಡಿ ಬಿಟ್ಟು ಮುಂದಿನ ಹಾಡಿಗೆ ಜಿಗಿಯಬೇಕು. ಇಂದಿನ ಸಮಾರಂಭಗಳ ನಿರೂಪಕರು ಕೈಯಲ್ಲಿ ಚೀಟಿ ಹಿಡಿದು ಮಾಡುವ ಕೆಲಸವನ್ನು ಅವರು ಕಣ್ಣಂಚಿನಲ್ಲೇ ಮಾಡುತ್ತಿದ್ದರು.

ಕಷ್ಟದ ಭಾಗ ಹಾಸ್ಯದ್ದು. ಮದುವೆ ಎಂದರೆ ಎರಡು ಮನೆಗಳು ಒಂದನ್ನೊಂದು ತೂಗಿ ನೋಡುವ ಸಮಯ. ಆಸರಿಗೆ ಸರಿಯಾಗಿ ಕೇಳಲಿಲ್ಲ, ಕವಳದ ಹರಿವಾಣ ತಡವಾಗಿ ಬಂತು, ಹಿರಿಯರಿಗೆ ಹಿಂದಿನ ಸಾಲಿನಲ್ಲಿ ಎಲೆ ಹಾಕಿದರು ಎಂಬಂಥ ಸಣ್ಣ ಕಾರಣಕ್ಕೆ ಬೀಗರು ಮುನಿಸಿಕೊಂಡು ಎದ್ದದ್ದುಂಟು. ಈ ಮುನಿಸು ಬೆಳೆಯುವ ಮುಂಚೆಯೇ ಅದನ್ನು ಹೊರಹಾಕುವ ದಾರಿ ಬೀಗರನ್ನು ಜರೆಯುವ ಹಾಡುಗಳಲ್ಲಿತ್ತು. ಬೀಗಿತ್ತಿಯ ಸೀರೆ, ಬೀಗನ ಹೊಟ್ಟೆ, ಅವರು ತಂದ ಒಡವೆಯ ತೂಕ ಎಲ್ಲವೂ ಅಲ್ಲಿ ನಗೆಗೆ ವಸ್ತು. ಆದರೆ ಅದು ಒಮ್ಮುಖದ ನಗೆಯಲ್ಲ. ಗಂಡಿನ ಕಡೆಯ ಹೆಂಗಸರೂ ಹಾಡಿನಲ್ಲೇ ಉತ್ತರ ಕೊಡಬೇಕು, ಕೊಡದಿದ್ದರೆ ಸೋತಂತೆ. ಮಾತಿನಲ್ಲಿ ಹೇಳಿದ್ದರೆ ನೆಂಟಸ್ತಿಕೆ ಮುರಿಯಬಹುದಾಗಿದ್ದ ಸಂಗತಿಗಳು ರಾಗದಲ್ಲಿ ಬಂದಾಗ ಚಪ್ಪರವೆಲ್ಲ ನಗುತ್ತಿತ್ತು. ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮಾತ್ರ ಎತ್ತಿ ಹೇಳುವವಳ ವಿವೇಕಕ್ಕೆ ಬಿಟ್ಟದ್ದು. ಆಕೆಗೆ ಎರಡೂ ಮನೆಗಳ ಹಿಂದಿನ ಕತೆ ಗೊತ್ತಿರುತ್ತಿತ್ತು. ಯಾವ ಗಾಯ ಮುಟ್ಟಬಾರದೆಂದೂ ಗೊತ್ತಿತ್ತು. ಬಾಡಿಗೆಗೆ ಬಂದ ಹಾಸ್ಯಗಾರನಿಂದ ಈ ತಿಳಿವಳಿಕೆಯನ್ನು ನಿರೀಕ್ಷಿಸಲಾಗದು.

ಊಟದ ಪಂಕ್ತಿಗೂ ಇದೇ ಉಪಾಯ. ಹವ್ಯಕರ ಔತಣಗಳಲ್ಲಿ ಊಟದ ನಡುವೆ ಗ್ರಂಥ ಹೇಳುವುದು ಹಳೆಯ ಪದ್ಧತಿ. ಒಬ್ಬರು ಶ್ಲೋಕವನ್ನೋ ಪದ್ಯವನ್ನೋ ಎತ್ತರದ ದನಿಯಲ್ಲಿ ಹೇಳಿದರೆ ಇಡೀ ಪಂಕ್ತಿ ಜಯಘೋಷ ಮಾಡುತ್ತದೆ, ಎದುರು ಸಾಲಿನವರು ಸವಾಲಿಗೆ ಇನ್ನೊಂದು ಹೇಳುತ್ತಾರೆ. ಬಾಳೆಯೆಲೆಯ ಮುಂದೆ ಕುಳಿತ ಇನ್ನೂರು ಜನ ಒಂದೇ ವೇಗದಲ್ಲಿ ಉಣ್ಣುವುದಿಲ್ಲ. ಹೋಳಿಗೆ ಇನ್ನೂ ಮೂರನೆಯ ಸಾಲಿಗೆ ಬಂದಿರುವಾಗ ಮೊದಲ ಸಾಲಿನವರು ಕೈ ಒಣಗಿಸಿಕೊಂಡು ಕೂರಬೇಕಾಗುತ್ತದೆ. ಆ ಬಿಡುವನ್ನು ಗ್ರಂಥ ತುಂಬುತ್ತಿತ್ತು.

ರಾತ್ರಿಯ ಮಾತು ಬೇರೆ. ಈ ನಾಡಿನಲ್ಲಿ ರಾತ್ರಿ ಎಂದರೆ ಯಕ್ಷಗಾನ. ಹೊನ್ನಾವರ ತಾಲೂಕಿನ ಕರ್ಕಿ, ಕೆರೆಮನೆ, ಚಿಟ್ಟಾಣಿ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದು 1934ರಲ್ಲಿ. ಆದರೆ ಮದುವೆಗೆ ಪೂರ್ಣ ಆಟ ಆಡಿಸುವುದು ದೊಡ್ಡ ಹೊಣೆ: ಮೇಳಕ್ಕೆ ಚೌಕಿ ಬೇಕು, ರಂಗಸ್ಥಳ ಬೇಕು, ಬೆಳಗಿನವರೆಗೆ ದೀಪ ಬೇಕು, ಅಷ್ಟೂ ಜನರಿಗೆ ಊಟ ಬೇಕು. ಮೇಲಾಗಿ ಮೇಳಗಳ ತಿರುಗಾಟವೂ ಮದುವೆಯ ಕಾಲವೂ ಒಂದೇ. ಮಳೆ ಹೋದ ಮೇಲೆ ಶುರುವಾಗಿ ಮಳೆ ಬರುವ ಮುನ್ನ ಮುಗಿಯಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಜೂನ್ ತಿಂಗಳಿಗೆ ಬಯಲಾಟ ಇಟ್ಟುಕೊಳ್ಳುವವರಿಲ್ಲ. ಹೀಗಾಗಿ ಮನೆಯ ಶುಭಕಾರ್ಯಗಳಿಗೆ ತಾಳಮದ್ದಳೆಯೇ ಅನುಕೂಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆಯವರು, ನಾಲ್ಕಾರು ಅರ್ಥಧಾರಿಗಳು, ಕೂರಲು ಒಂದು ಜಗಲಿ. ಒಬ್ಬ ಅರ್ಥಧಾರಿ ಬರದಿದ್ದರೆ ನೆಂಟರಲ್ಲೇ ಒಬ್ಬರು ಎದ್ದು ಕೂರುತ್ತಿದ್ದರು. ಮಾತು ಆಗಿಂದಾಗ್ಗೆ ಹುಟ್ಟುವಂಥದ್ದಾದ್ದರಿಂದ ಭಾಗವತರು ಪದ್ಯ ಬಿಟ್ಟು ಪ್ರಸಂಗವನ್ನು ಎರಡು ಗಂಟೆಗೆ ಇಳಿಸಬಹುದು, ಕೋಳಿ ಕೂಗುವವರೆಗೆ ಎಳೆಯಲೂಬಹುದು. ಇಬ್ಬರು ಜಗಮೊಂಡ ಅರ್ಥಧಾರಿಗಳು ಎದುರುಬದುರಾದರೆ ನಿಲ್ಲಿಸುವುದೇ ಕಷ್ಟ ಎಂಬುದೂ ಇದರ ಅಪಾಯವೇ ಎನ್ನಿ.

ಪ್ರಸಂಗದ ಆಯ್ಕೆಯಲ್ಲಿ ಯಜಮಾನ ಎಚ್ಚರದಿಂದ ಇರಬೇಕಿತ್ತು. ಅಭಿಮನ್ಯು ಕಾಳಗ ಎಷ್ಟೇ ರಸವತ್ತಾಗಿರಲಿ, ಎಳೆಯ ಗಂಡನ ಸಾವಿನ ಕತೆಯನ್ನು ಹೊಸ ದಂಪತಿಗಳ ಮುಂದೆ ಹೇಳಿಸುವುದುಂಟೆ? ಗದಾಯುದ್ಧವೂ ಬೇಡ. ಕಲ್ಯಾಣವೆಂದು ಹೆಸರಿರುವ ಪ್ರಸಂಗಗಳೇ ಕ್ಷೇಮ: ಸುಭದ್ರಾ ಕಲ್ಯಾಣ, ರುಕ್ಮಿಣಿ ಕಲ್ಯಾಣ, ಕನಕಾಂಗಿ ಕಲ್ಯಾಣ. ತಮಾಷೆಯೆಂದರೆ ಈ ಕಲ್ಯಾಣಗಳೆಲ್ಲ ಕೆಟ್ಟುಹೋದ ಮದುವೆಗಳ ಕತೆಗಳೇ. ಸುಭದ್ರೆಯನ್ನು ಬಲರಾಮ ಕೊಡಹೊರಟದ್ದು ಕೌರವನಿಗೆ, ಆಕೆ ಹೋದದ್ದು ಕಪಟ ಸನ್ಯಾಸಿಯಾಗಿ ಬಂದ ಅರ್ಜುನನ ಜೊತೆ. ಕನಕಾಂಗಿಯ ಮದುವೆಯಲ್ಲಂತೂ ಘಟೋತ್ಕಚನ ಮಾಯೆ ಕೌರವರ ದಿಬ್ಬಣವನ್ನೆಲ್ಲ ನಗೆಪಾಟಲು ಮಾಡುತ್ತದೆ. 1957ರ ಮಾಯಾಬಜಾರ್ ಚಿತ್ರ ನೋಡಿದವರಿಗೆ ಈ ಕತೆ ಪರಿಚಿತ. ತಮ್ಮ ಮನೆಯಲ್ಲಿ ನಡೆಯಬಾರದೆಂದು ಹಗಲೆಲ್ಲ ಹೆದರಿದ್ದನ್ನೇ ರಾತ್ರಿ ಕೇಳಿ ನಗುವ ಸುಖ ಅದರಲ್ಲಿತ್ತು.

ಮದುವೆಯ ಕತೆಗೂ ಈ ಕರಾವಳಿಗೂ ಇನ್ನೊಂದು ನಂಟಿದೆ. 1842ರ ಸುಮಾರಿಗೆ ಸಾಂಗ್ಲಿಯ ಸಂಸ್ಥಾನಕ್ಕೆ ಹೋದ ಕನ್ನಡದ ಭಾಗವತ ಮೇಳವೊಂದರ ಆಟ ನೋಡಿ ಅಲ್ಲಿಯ ಪಟವರ್ಧನ ದೊರೆ ಮರಾಠಿಯಲ್ಲೂ ಅಂಥದ್ದನ್ನು ಕಟ್ಟಲು ವಿಷ್ಣುದಾಸ ಭಾವೆಯವರಿಗೆ ಹೇಳಿದ. ಆ ಮೇಳ ಕರ್ಕಿಯದೆಂದು ಯಕ್ಷಗಾನದ ಇತಿಹಾಸ ಬರೆದವರು ಹೇಳುತ್ತಾರೆ. 1843ರಲ್ಲಿ ರಂಗಕ್ಕೆ ಬಂದ ಭಾವೆಯವರ ನಾಟಕ ಮರಾಠಿ ರಂಗಭೂಮಿಯ ಆರಂಭವೆಂದು ಗಣ್ಯವಾಯಿತು. ಅದರ ಹೆಸರು ‘ಸೀತಾ ಸ್ವಯಂವರ’.

ಗದ್ದೆಯ ಅಂಚಿನ ಕೇರಿಗಳಲ್ಲಿ ದನಿ ಗುಮಟೆಯದು. ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದ ಈ ವಾದ್ಯವನ್ನು ಹಾಲಕ್ಕಿ ಒಕ್ಕಲಿಗರು ಬಗಲಲ್ಲಿ ಇಟ್ಟುಕೊಂಡು ಬಾರಿಸುತ್ತಾರೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧ. ಕೊಂಕಣಿ ಕ್ರೈಸ್ತರ ಮದುವೆಗಳಲ್ಲಿಯೂ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದ ಸಂಜೆ, ಇದರದೇ ಒಡಹುಟ್ಟಾದ ಗುಮಟ್ ನುಡಿಯುತ್ತದೆ. ಹಾಲಕ್ಕಿಗಳ ಮದುವೆ ಹಾಡುಗಳನ್ನು ಹೊರಜಗತ್ತಿಗೆ ಕೇಳಿಸಿದವರಲ್ಲಿ ನೆರೆಯ ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ದೊಡ್ಡದು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಡಿದ್ದಷ್ಟೇ ಅಲ್ಲ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರೂ ಅವರೇ. ಸಂಭ್ರಮದ ಮನೆಗಳನ್ನು ಕುಡಿತ ಹೇಗೆ ಕೆಡಿಸುತ್ತದೆಂದು ಹಾಡುವವರಿಗಿಂತ ಚೆನ್ನಾಗಿ ಕಂಡವರು ಯಾರಿದ್ದಾರೆ? ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ.

ಭಟ್ಕಳದ ನವಾಯತರ ಮದುವೆಗಳಿಗೆ ಗಳಿಗೆ ಬಟ್ಟಲಿನ ಹಂಗಿಲ್ಲ. ನಿಕಾಹ್ ಸಾಕ್ಷಿಗಳ ಮುಂದೆ ನಡೆಯುವ ಒಪ್ಪಂದ. ಹತ್ತು ನಿಮಿಷ ಹಿಂದುಮುಂದಾದರೆ ಲಗ್ನ ತಪ್ಪಿತೆಂಬ ಭಯವಿಲ್ಲ. ಅಲ್ಲಿ ದಿನ ಹೊಂದಿಸುವುದೇ ಪ್ರಯಾಸ. ಗಂಡಸರು ಹೆಚ್ಚಾಗಿ ಕೊಲ್ಲಿ ದೇಶಗಳಲ್ಲಿ ದುಡಿಯುವುದರಿಂದ ಪಂಚಾಂಗದ ಜಾಗದಲ್ಲಿ ರಜೆಯ ಲೆಕ್ಕ ಬಂದಿದೆ.

ಉಳ್ಳವರು ಹೊರಗಿನಿಂದ ಮನರಂಜನೆ ತರಿಸುವುದು ಹೊಸದೇನಲ್ಲ. ಧಾರವಾಡದ ಹತ್ತಿಯನ್ನು ಹಡಗಿಗೇರಿಸಿ, ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ತನ್ನ ಹೆಸರನ್ನೇ ಕೊಟ್ಟಿದ್ದ ಕುಮಟಾ ಬಂದರಿನಲ್ಲಿ ಹಣವಂತರಿಗೆ ಕೊರತೆ ಇರಲಿಲ್ಲ. ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1883ರ ಗೆಜೆಟಿಯರಿನಲ್ಲಿ ಇಲ್ಲಿಯ ಒಂದೊಂದು ಸಮುದಾಯದ ಮದುವೆಯ ವಿವರವೂ ಇದೆ, ಹಾಡಿ ಕುಣಿಯುವ ಕಲಾವಂತ ಮನೆತನಗಳ ಪ್ರಸ್ತಾಪವೂ ಇದೆ. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆಯ ಹೊತ್ತಿಗೆ ಅಂಥ ನೃತ್ಯದ ಬಗ್ಗೆ ಸಮಾಜದ ನೋಟವೇ ಬದಲಾಗಿತ್ತು. ಆಮೇಲೆ ಬ್ಯಾಂಡು ಬಂತು, ಧ್ವನಿಮುದ್ರಿಕೆ ಬಂತು, ಮೈಕ್ ಸೆಟ್ ಬಂತು.

ಮೈಕಿನ ಜೊತೆಗೆ ಹೊಸ ಅವಘಡಗಳೂ ಬಂದವು. ಮಡಲಿನ ಚಪ್ಪರಕ್ಕೆ ಗರ್ನಾಲಿನ ಕಿಡಿ ಬೀಳುವ ಹೆದರಿಕೆ ಮೊದಲೇ ಇತ್ತು, ಈಗ ಅದಕ್ಕೆ ಬೆತ್ತಲೆ ತಂತಿಯೂ ಸೇರಿತು. ಧಾರೆಯ ಮಂತ್ರಕ್ಕೂ ಚಿತ್ರಗೀತೆಗೂ ಪೈಪೋಟಿ ಬಿತ್ತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಕುಣಿತದ ಹಾಡು ಮೊಳಗುವ ಅಭಾಸ ಯಾವ ಊರಿನಲ್ಲಿ ಆಗಿಲ್ಲ? ಮುದ್ರಿಕೆಗೆ ಚಪ್ಪರ ಕಾಣುವುದಿಲ್ಲ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧಿಸಿದ ಮೇಲೆ ಸಂಜೆಯ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಗಡಿಯಾರದ ಬೇಲಿ ಬಿತ್ತು. ಮೈಕಿಲ್ಲದೆ ಜಗಲಿಯ ಮೇಲೆ ನಡೆಯುವ ತಾಳಮದ್ದಳೆಗೆ ಆ ಬೇಲಿ ಇಲ್ಲವೆಂಬುದು ಬೇರೆ ಮಾತು, ಆದರೆ ಮದುವೆ ಜಗಲಿಯಿಂದ ಛತ್ರಕ್ಕೆ ಹೋಗಿಯಾಗಿದೆ. ಛತ್ರವನ್ನು ಇಷ್ಟು ಗಂಟೆಗೆ ಬಿಟ್ಟುಕೊಡಬೇಕು, ವಿಡಿಯೊದವನು ಮಾಲೆಯನ್ನು ಇನ್ನೊಮ್ಮೆ ಹಾಕಿಸಬೇಕು, ವಾದ್ಯಗೋಷ್ಠಿಯವರು ಮುಂದಿನ ಊರಿಗೆ ಹೊರಡಬೇಕು. ಎಲ್ಲರಿಗೂ ಅವಸರ, ಯಾರೊಬ್ಬರು ತಡಮಾಡಿದರೂ ಹಿಗ್ಗಿ ತುಂಬುವಂಥದ್ದು ಒಂದೂ ಇಲ್ಲ. ಹೊಳೆಗಳಿಗೆಲ್ಲ ಸೇತುವೆ ಆಗಿದೆ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲಿನ ಅತಿ ಉದ್ದದ ಸೇತುವೆ ಇರುವುದೂ ಹೊನ್ನಾವರದಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು. ಆದರೂ ದಿಬ್ಬಣ ತಡವಾಗುವುದು ನಿಂತಿಲ್ಲ. ಈಗ ಕಾಯಿಸುವುದು ಹೆದ್ದಾರಿ.

ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರಂಥವರು ಊರೂರು ತಿರುಗಿ ಈ ಕರಾವಳಿಯ ಜನಪದ ಹಾಡುಗಳನ್ನು ಬರೆದುಕೊಂಡು ಅಚ್ಚು ಮಾಡಿಸದಿದ್ದರೆ ಎಷ್ಟೋ ಹಾಡುಗಳು ಹಾಡುವವರ ಜೊತೆಗೇ ಹೋಗುತ್ತಿದ್ದವು. ಪುಸ್ತಕದಲ್ಲಿ ಹಾಡಿನ ನುಡಿಗಳು ಉಳಿದಿವೆ. ದೋಣಿ ಬಾರದಿದ್ದರೆ ಯಾವ ಸೊಲ್ಲನ್ನು ಎಷ್ಟು ಸಲ ತಿರುಗಿಸಬೇಕು, ಬೀಗರ ಮುಖ ಕೆಂಪಾದರೆ ಯಾವ ನುಡಿ ಬಿಡಬೇಕು ಎಂಬುದು ಅಚ್ಚಿಗೆ ಒಗ್ಗುವಂಥದ್ದಲ್ಲ.

ಒಂದು ಹಾಡು ಮಾತ್ರ ಇನ್ನೂ ಹಲವು ಮನೆಗಳಲ್ಲಿ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಮದುಮಗಳು ಗಂಡನ ಮನೆಗೆ ಬಂದಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಮುಂದೆ ಹುಟ್ಟುವ ಮಗಳನ್ನು ತನ್ನ ಮಗನಿಗೆ ಕೊಡುತ್ತೀಯಾ ಎಂದು ಕೇಳುವ ಬಾಗಿಲು ತಡೆಯುವ ಹಾಡು. ಅದನ್ನು ಛತ್ರದಲ್ಲಿ ಹಾಡಲು ಬರುವುದಿಲ್ಲ, ಮನೆಯ ಹೊಸ್ತಿಲೇ ಬೇಕು. ಆ ಹೊತ್ತಿಗೆ ಮೈಕಿನವನು ತಂತಿ ಸುತ್ತಿಕೊಂಡು ಹೋಗಿರುತ್ತಾನೆ.