ನಾಲ್ಕು ಸೂಪರ್‌ಮ್ಯಾನ್‌ಗಳು, ಒಂದು ಸುತ್ತಿಗೆ

1992ರ ನವೆಂಬರ್‌ನಲ್ಲಿ ಅಮೆರಿಕದ ಕಾಮಿಕ್ಸ್ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಬಂದಿದ್ದು ‘ಸೂಪರ್‌ಮ್ಯಾನ್’ ಪತ್ರಿಕೆಯ 75ನೇ ಸಂಚಿಕೆ. ಕಪ್ಪು ಪ್ಲಾಸ್ಟಿಕ್ ಚೀಲ, ಅದರ ಮೇಲೆ ರಕ್ತ ಸೋರುವ ‘ಎಸ್’ ಗುರುತು, ಒಳಗೆ ತೋಳಿಗೆ ಕಟ್ಟಿಕೊಳ್ಳೋಕೆ ಕಪ್ಪು ಪಟ್ಟಿ. ಡೂಮ್ಸ್‌ಡೇ ಅನ್ನೋ ರಾಕ್ಷಸನ ಜೊತೆ ಹೊಡೆದಾಡಿ, ಮೆಟ್ರೊಪೊಲಿಸ್ ನಗರದ ಬೀದಿಯಲ್ಲೇ ಸೂಪರ್‌ಮ್ಯಾನ್ ಪ್ರಾಣ ಬಿಟ್ಟಿದ್ದ. 60 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು.

ಸಾಯಿಸಿದ್ದು ಯಾಕೆ ಅಂತ ಕೇಳಿದರೆ ನಗು ಬರುತ್ತೆ. ಬರಹಗಾರರು ಮಾಡಿಸಬೇಕು ಅಂತಿದ್ದದ್ದು ನಾಯಕನ ಮದುವೆ, ಪತ್ರಕರ್ತೆ ಲೋಯಿಸ್ ಲೇನ್ ಜೊತೆ. ಅಷ್ಟರಲ್ಲಿ ಇದೇ ಜೋಡಿಯ ಟಿವಿ ಧಾರಾವಾಹಿ ತಯಾರಾಗುತ್ತಿತ್ತು. ಅದಕ್ಕೆ ಹೊಂದಿಕೆಯಾಗಲಿ ಅಂತ ಮದುವೆ ಮುಂದಕ್ಕೆ ಹೋಯಿತು. ಕಥೆಯಲ್ಲಿ ಖಾಲಿಯಾದ ಜಾಗವನ್ನು ಸಾವು ತುಂಬಿತು.

ಆದರೆ ನಿಜವಾದ ಕಥೆ ಶುರುವಾಗೋದು ಆಮೇಲೆ. 1993ರಲ್ಲಿ ಎದೆ ಮೇಲೆ ‘ಎಸ್’ ಹಾಕಿಕೊಂಡು ಒಬ್ಬರಲ್ಲ, ನಾಲ್ವರು ಬಂದರು. ಸೂಪರ್‌ಮ್ಯಾನ್‌ಗೆ ಆಗ ನಾಲ್ಕು ಪತ್ರಿಕೆಗಳಿದ್ದವು, ಒಂದೊಂದರಲ್ಲಿ ಒಬ್ಬೊಬ್ಬ. ಕಣ್ಣಿಗೆ ಹಳದಿ ಕನ್ನಡಕ ಹಾಕಿ ಕರುಣೆಯಿಲ್ಲದೆ ಶಿಕ್ಷೆ ಕೊಡುವವನೊಬ್ಬ. ಲ್ಯಾಬಿನಲ್ಲಿ ಹುಟ್ಟಿದ ಹುಡುಗ ಇನ್ನೊಬ್ಬ. ಮೂರನೆಯವನ ಅರ್ಧ ದೇಹ ಯಂತ್ರ. ಈ ಮೂರನೆಯವನು ವಿಜ್ಞಾನಿಯ ಪರೀಕ್ಷೆಯಲ್ಲೂ ಪಾಸಾದ, ಸರ್ಕಾರವೂ ಇವನೇ ನಿಜವಾದವನು ಅಂತ ಒಪ್ಪಿಕೊಂಡಿತು. ಕೊನೆಗೆ ಅವನೇ ಕಳ್ಳ. 70 ಲಕ್ಷ ಜನರಿದ್ದ ಕೋಸ್ಟ್ ಸಿಟಿ ನಾಶವಾಗೋದಕ್ಕೆ ಕಾರಣನಾದವನು ಅವನು.

ನಾಲ್ಕನೆಯವನೇ ನಮ್ಮವನು ಅಂತ ನನಗನ್ನಿಸುತ್ತೆ. ಹೆಸರು ಜಾನ್ ಹೆನ್ರಿ ಐರನ್ಸ್, ಕಪ್ಪು ಜನಾಂಗದವನು. ಮೊದಲು ಆಯುಧ ತಯಾರಿಸುವ ಎಂಜಿನಿಯರ್. ತನ್ನ ಆಯುಧದಿಂದ ಅಮಾಯಕರು ಸತ್ತರು ಅಂತ ಕೆಲಸ ಬಿಟ್ಟು, ಹೆಸರು ಬದಲಿಸಿಕೊಂಡು ಮೆಟ್ರೊಪೊಲಿಸ್‌ನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದವನು. ಎತ್ತರದ ಕಟ್ಟಡದಿಂದ ಬಿದ್ದಾಗ ಸೂಪರ್‌ಮ್ಯಾನ್ ಅವನನ್ನು ಉಳಿಸಿದ್ದ. ಆ ಋಣ ತೀರಿಸೋಕೆ ಉಕ್ಕಿನ ಕವಚ ಮಾಡಿಕೊಂಡು, ಸುತ್ತಿಗೆ ಹಿಡಿದು ಬೀದಿಗಿಳಿದ. ಸತ್ತವನ ಆತ್ಮ ಇವನ ಮೈಯಲ್ಲಿದೆ ಅಂತ ಜನ ಮಾತಾಡಿಕೊಂಡರೂ, ತಾನು ಸೂಪರ್‌ಮ್ಯಾನ್ ಅಂತ ಅವನು ಹೇಳಿಕೊಳ್ಳಲಿಲ್ಲ.

ಈ ಹೆಸರಿಗೂ ಇತಿಹಾಸ ಇದೆ. ಜಾನ್ ಹೆನ್ರಿ ಅಮೆರಿಕದ ಕಪ್ಪು ಜನರ ಜನಪದ ವೀರ. ರೈಲು ಸುರಂಗ ಕೊರೆಯುವಾಗ ಉಗಿಯಂತ್ರದ ಜೊತೆ ಪಂದ್ಯ ಕಟ್ಟಿ, ಗೆದ್ದು, ಕೈಯಲ್ಲಿ ಸುತ್ತಿಗೆ ಹಿಡಿದೇ ಸತ್ತ ಕೂಲಿ. ಬರಹಗಾರ್ತಿ ಲೂಯಿಸ್ ಸೈಮನ್ಸನ್ ಮತ್ತು ಚಿತ್ರಕಾರ ಜಾನ್ ಬೊಗ್ಡನೊವ್ ಆ ಕೂಲಿಯ ಹೆಸರನ್ನೇ ತಮ್ಮ ನಾಯಕನಿಗೆ ಇಟ್ಟರು.

ಕಾಗದದಲ್ಲಿ ಒಂದು, ಕೆಲಸದಲ್ಲಿ ಇನ್ನೊಂದು ಅನ್ನೋದು ಸೂಪರ್‌ಮ್ಯಾನ್‌ನ ಹುಟ್ಟಿನಲ್ಲೇ ಇದೆ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶಸ್ಟರ್ ಯುರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. 1938ರಲ್ಲಿ 130 ಡಾಲರಿಗೆ ಸಹಿ ಹಾಕಿ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟರು. ಕಂಪನಿ ಕೋಟಿಗಟ್ಟಲೆ ಗಳಿಸಿತು. ಇವರ ಹೆಸರು ಪುಟದಿಂದಲೇ ಮಾಯವಾಯಿತು. ವಯಸ್ಸಾದ ಮೇಲೆ ಸೀಗೆಲ್ ಗುಮಾಸ್ತನಾಗಿದ್ದ, ಶಸ್ಟರ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೀಗೆಲ್ ಪತ್ರಿಕೆಗಳಿಗೆ ದೂರು ಬರೆದು, ಬೇರೆ ಚಿತ್ರಕಾರರೂ ಜೊತೆಗೆ ನಿಂತು ಗಲಾಟೆ ಮಾಡಿದ ಮೇಲೆ, 1975ರಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಮತ್ತು ಪುಟದ ಮೇಲೆ ಹೆಸರು ಸಿಕ್ಕಿತು. ಶಸ್ಟರ್ ತೀರಿಕೊಂಡದ್ದು 1992ರ ಜುಲೈನಲ್ಲಿ. ಅವನು ಬರೆದ ನಾಯಕ ಸತ್ತದ್ದು ನಾಲ್ಕು ತಿಂಗಳ ನಂತರ. ನಾಯಕನಿಗೆ ಲಕ್ಷಾಂತರ ಜನ ಕಪ್ಪು ಪಟ್ಟಿ ಕೊಂಡರು.

82ನೇ ಸಂಚಿಕೆಯ ಹೊತ್ತಿಗೆ ನಿಜವಾದ ಸೂಪರ್‌ಮ್ಯಾನ್ ಮರಳಿ ಬಂದು ಕಳ್ಳನನ್ನು ಸೋಲಿಸಿದ. ಅವನ ಕಡೆ ನಿಂತು ಹೋರಾಡಿದವರಲ್ಲಿ ಐರನ್ಸ್ ಕೂಡ ಒಬ್ಬ. ಮುಂದೆ ‘ಸ್ಟೀಲ್’ ಅನ್ನೋ ಅವನದೇ ಪತ್ರಿಕೆ ಬಂದು 50ಕ್ಕೂ ಹೆಚ್ಚು ಸಂಚಿಕೆ ನಡೆಯಿತು.

ನಮ್ಮಲ್ಲಿ ಎಷ್ಟೋ ಜನ ಸೈಟಿನಲ್ಲಿ ಹೆಲ್ಮೆಟ್ ಹಾಕಿ ದುಡಿಯೋರು. ಗೇಟಿನಲ್ಲಿ ದಿನಾ ಕಾರ್ಡ್ ತೋರಿಸಿ ನಾನು ನಾನೇ ಅಂತ ಸಾಬೀತು ಮಾಡೋರು. ಆ ನಾಲ್ವರಲ್ಲಿ ಪರೀಕ್ಷೆ, ಸರ್ಕಾರದ ಒಪ್ಪಿಗೆ ಎಲ್ಲ ಇದ್ದವನು ಊರು ಸುಟ್ಟ. ಏನೂ ಇಲ್ಲದ ಕಟ್ಟಡದ ಕೆಲಸಗಾರ, ಸತ್ತವನು ಬಿಟ್ಟುಹೋದ ಕೆಲಸವನ್ನು ಮುಂದುವರಿಸಿದ.