ಹರ್ಪಿಸ್ ಸ್ವಸೋಂಕು

ತುಟಿ, ಬಾಯಿ ಅಥವಾ ಜನನಾಂಗದಲ್ಲಿ ಎದ್ದ ಹರ್ಪಿಸ್ ಗುಳ್ಳೆಯ ವೈರಸ್ ಅದೇ ವ್ಯಕ್ತಿಯ ಬೆರಳು, ಕಣ್ಣು ಮುಂತಾದ ಬೇರೆ ಭಾಗಗಳಿಗೆ ತಗಲುವುದಕ್ಕೆ ಸ್ವಸೋಂಕು ಎನ್ನಬಹುದು. ಮೊದಲ ಸಲ ಹರ್ಪಿಸ್ ಬಂದಾಗ ಇದರ ಸಂಭವ ಹೆಚ್ಚು. ಹಳೆಯ ಸೋಂಕು ಮರುಕಳಿಸಿದಾಗ ಅಪರೂಪ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ಬಾಯಿಯ ಸುತ್ತ, ಎರಡನೆಯದು ಹೆಚ್ಚಾಗಿ ಜನನಾಂಗದಲ್ಲಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಒಂದನೆಯ ಬಗೆ ಇದೆ. ಬಹುಪಾಲು ಜನರಿಗೆ ಅದು ಇರುವುದೇ ಗೊತ್ತಾಗದು.

ವೈರಸ್ಸಿನ ನೆಲೆ
ಹರ್ಪಿಸ್ ಎಂಬ ಹೆಸರು ಬಂದದ್ದು ತೆವಳುವುದು ಎಂಬರ್ಥದ ಗ್ರೀಕ್ ಪದದಿಂದ. ಸಂಸ್ಕೃತದ ‘ಸರ್ಪ’ವೂ ಅದೇ ಮೂಲದ್ದು. ಈ ವೈರಸ್ ತೆವಳುವುದು ನಿಜ, ಆದರೆ ನರದೊಳಗೆ. ಚರ್ಮದಲ್ಲಿ ಹೆಚ್ಚಿದ ಮೇಲೆ ಅದು ಅಲ್ಲಿನ ನರದ ತುದಿಯನ್ನು ಹೊಕ್ಕು ನರಗಂಟಿನವರೆಗೆ ಸಾಗಿ ಸುಪ್ತವಾಗುತ್ತದೆ. ಬಾಯಿಯ ಸೋಂಕು ತಲೆಬುರುಡೆಯೊಳಗಿನ ಟ್ರೈಜೆಮಿನಲ್ ನರಗಂಟಿನಲ್ಲೂ ಜನನಾಂಗದ ಸೋಂಕು ಬೆನ್ನೆಲುಬಿನ ಕೆಳಭಾಗದ ನರಗಂಟುಗಳಲ್ಲೂ ಉಳಿಯುತ್ತದೆ. ವೈರಸ್ ನರದ ದಾರಿ ಹಿಡಿಯುವುದನ್ನು ಸಂಶೋಧಕರಾದ ಗುಡ್‌ಪಾಶ್ಚರ್ ಮತ್ತು ಟೀಗ್ 1923ರಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಜ್ವರ, ಬಿಸಿಲು, ಬಳಲಿಕೆಗಳಿಂದ ಅದು ಎಚ್ಚೆತ್ತಾಗ ಬಂದ ದಾರಿಯಲ್ಲೇ ಮರಳುವುದರಿಂದ ಗುಳ್ಳೆ ಸಾಮಾನ್ಯವಾಗಿ ಹಳೆಯ ಜಾಗದಲ್ಲೇ ಏಳುತ್ತದೆ. ಅದೇ ನರಗಂಟಿನ ಬೇರೆ ಕವಲನ್ನು ಹಿಡಿದರೆ ಜನನಾಂಗದ ಸೋಂಕು ಇರುವವರಿಗೆ ಪೃಷ್ಠದಲ್ಲೋ ತೊಡೆಯಲ್ಲೋ ಗುಳ್ಳೆ ಏಳಬಹುದು. ಅದು ಕೈಯಿಂದ ಹರಡಿದ್ದಲ್ಲ.

ತಗಲುವ ಬಗೆ
ಗುಳ್ಳೆಯ ನೀರು ಲೋಳೆಪೊರೆಗೋ ಗಾಯವಾದ ಚರ್ಮಕ್ಕೋ ಸೋಕಿದರೆ ಸೋಂಕು ಆಗಬಹುದು. ಗಾಯವಿಲ್ಲದ ಚರ್ಮವನ್ನು ವೈರಸ್ ದಾಟಲಾರದು. ಮೊದಲ ಸೋಂಕಿನ ವಾರಗಳಲ್ಲಿ ದೇಹದ ರೋಗನಿರೋಧಕ ಶಕ್ತಿ ಇನ್ನೂ ಸಜ್ಜಾಗಿರುವುದಿಲ್ಲ. ಆಮೇಲೆ ಪ್ರತಿಕಾಯಗಳು ಮತ್ತು ರಕ್ಷಕ ಕೋಶಗಳು ಎಲ್ಲೆಡೆ ಕಾವಲಿರುವುದರಿಂದ, ವರ್ಷಗಳಿಂದ ತುಟಿಯಲ್ಲಿ ಗುಳ್ಳೆ ಏಳುತ್ತಿರುವವರಿಗೆ ಅದು ಬೇರೆಡೆ ಅಂಟುವುದು ವಿರಳ.

ಬೆರಳು
ಹರ್ಪಿಸ್‌ನಿಂದ ಬಾಯಿಹುಣ್ಣಾದ ಮಗು ಹೆಬ್ಬೆರಳು ಚೀಪಿದಾಗ ಬೆರಳ ತುದಿ ಕೆಂಪಾಗಿ ಊದಿ, ಒತ್ತೊತ್ತಾಗಿ ನೀರುಗುಳ್ಳೆಗಳು ಏಳುವುದುಂಟು. 1909ರಲ್ಲಿ ಚರ್ಮವೈದ್ಯ ಆಡಮ್‌ಸನ್ ಇದನ್ನು ಮೊದಲು ವಿವರಿಸಿದರು. ಕೈಗವಸಿಲ್ಲದೆ ಬಾಯಿ ಪರೀಕ್ಷಿಸುತ್ತಿದ್ದ ದಂತವೈದ್ಯರಿಗೂ ಇದು ತಗಲುತ್ತಿತ್ತು, ಆದರೆ ರೋಗಿಯಿಂದ. ನೋಡಲು ಉಗುರುಸುತ್ತಿನಂತೆಯೇ ಇದ್ದರೂ ಒಳಗೆ ಕೀವಿರುವುದಿಲ್ಲ. ಕೊಯ್ದರೆ ವೈರಸ್ ಹರಡಬಹುದು, ಬ್ಯಾಕ್ಟೀರಿಯಾದ ಸೋಂಕೂ ಸೇರಿಕೊಳ್ಳಬಹುದು.

ಕಣ್ಣು
ತುಟಿಗೂ ಕಣ್ಣಿಗೂ ಟ್ರೈಜೆಮಿನಲ್ ನರದ ಕವಲುಗಳೇ ಹೋಗುವುದರಿಂದ ಕಣ್ಣಿನ ಹರ್ಪಿಸ್ ಅನೇಕ ವೇಳೆ ಒಳಗಿನಿಂದಲೇ ಬರುತ್ತದೆ. ಹಾಗೆಂದು ಕೈ ನಿರಪಾಯವಲ್ಲ. ಕಾಂಟ್ಯಾಕ್ಟ್ ಲೆನ್ಸನ್ನು ಎಂಜಲಿನಿಂದ ಒದ್ದೆ ಮಾಡಿ ಹಾಕಿಕೊಳ್ಳುವುದು ಅಪಾಯಕರ. ಸೋಂಕಾದರೆ ಕಣ್ಣು ಕೆಂಪಾಗಿ, ಬೆಳಕು ಸಹಿಸದೆ ನೋಯುತ್ತದೆ. ಬಣ್ಣದ ಹನಿ ಹಾಕಿ ನೋಡಿದರೆ ಕಾರ್ನಿಯಾದ ಮೇಲೆ ಕವಲೊಡೆದ ರೆಂಬೆಯಂಥ ಹುಣ್ಣು ಕಾಣುತ್ತದೆ. ಔಷಧದಂಗಡಿಯಿಂದ ತಾನಾಗಿ ತಂದು ಹಾಕಿಕೊಂಡ ಸ್ಟೀರಾಯ್ಡ್ ಹನಿ ಇದನ್ನು ಉಲ್ಬಣಿಸಿ ದೃಷ್ಟಿಗೇ ಕುತ್ತು ತರಬಹುದು.

ಚರ್ಮ
ಇಸುಬು ಇರುವವರ ಚರ್ಮ ಅಲ್ಲಲ್ಲಿ ತೆರೆದಂತಿರುವುದರಿಂದ ಹರ್ಪಿಸ್ ವೇಗವಾಗಿ ವ್ಯಾಪಿಸಬಹುದು. ಜ್ವರದೊಡನೆ ಒಂದೇ ಅಳತೆಯ ಗುಳ್ಳೆಗಳು ಎದ್ದು, ಒಡೆದು, ಗುಂಡುಸೂಜಿ ಚುಚ್ಚಿದಂಥ ಹುಣ್ಣುಗಳಾಗುತ್ತವೆ. ಚರ್ಮವೈದ್ಯ ಕಪೋಸಿ 1887ರಲ್ಲಿ ವರ್ಣಿಸಿದ ಈ ಸ್ಥಿತಿಗೆ ತುರ್ತು ಚಿಕಿತ್ಸೆ ಬೇಕು.

ಸರ್ಪಸುತ್ತು
ಹರ್ಪಿಸ್ ಜೋಸ್ಟರ್ ಎಂದು ಕರೆಯುವ ಸರ್ಪಸುತ್ತಿನ ವೈರಸ್ ಬೇರೆ. ಸೀತಾಳೆ ಸಿಡುಬನ್ನು ತರುವುದೂ ಅದೇ. ಗುಳ್ಳೆಗಳ ಸಾಲು ಹಾವಿನಂತೆ ದೇಹವನ್ನು ಸುತ್ತಿ ‘ಹೆಡೆ, ಬಾಲ ಕೂಡಿದರೆ ಸಾವು’ ಎಂಬ ನಂಬಿಕೆಗೆ ಆಧಾರವಿಲ್ಲ. ಸಾಮಾನ್ಯವಾಗಿ ದೇಹದ ಒಂದು ಪಕ್ಕದ ನರದ ಹರವಿನಲ್ಲೇ ಗುಳ್ಳೆಗಳು ಎದ್ದು, ನಡುಗೆರೆಯ ಬಳಿ ನಿಲ್ಲುತ್ತವೆ.

ತಡೆ ಮತ್ತು ಚಿಕಿತ್ಸೆ
ಗುಳ್ಳೆ ಇರುವಾಗ ಮುಟ್ಟದಿರುವುದು, ಚಿವುಟದಿರುವುದು, ಮುಲಾಮು ಹಚ್ಚಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಮುಖ್ಯ. ವೈರಸ್ಸಿನ ಹೊರಪದರ ಕೊಬ್ಬಿನದಾದ್ದರಿಂದ ಸಾಬೂನಿಗೆ ಅದು ಬೇಗ ನಾಶವಾಗುತ್ತದೆ. ಅಸೈಕ್ಲೋವಿರ್ ಮತ್ತು ಅದೇ ಗುಂಪಿನ ಔಷಧಗಳು ವೈರಸ್ಸಿನ ವೃದ್ಧಿಯನ್ನು ತಡೆದು ಹುಣ್ಣನ್ನು ಬೇಗ ಮಾಯಿಸುತ್ತವೆ. ಆದರೆ ನರಗಂಟಿನಲ್ಲಿ ಸುಪ್ತವಾಗಿರುವ ವೈರಸ್ಸನ್ನು ಅವು ಅಳಿಸಲಾರವು.