ಒಂದೇ ಅಕ್ಷರದ ಉಪದೇಶ

ಲೋಭವನ್ನು ಬಿಡಬೇಕೆಂದು ಹೇಳದ ಶಾಸ್ತ್ರವಿಲ್ಲ. ಆದರೆ ಕೇಳಿದವನಿಗೆ ಅದು ತನಗೇ ಹೇಳಿದ ಮಾತೆನಿಸುವುದು ಅಪರೂಪ. ಇಂಥ ಮಾತು ಕಿವಿಗೆ ಬಿದ್ದೊಡನೆ ನಾವೆಲ್ಲರೂ ನೆರೆಮನೆಯ ಕಡೆಗೆ ನೋಡುವವರೇ! ಈ ತೊಡಕನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕಂಡುಕೊಂಡಿದ್ದರು.

ಬೃಹದಾರಣ್ಯಕ ಉಪನಿಷತ್ತಿನ 5ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಕಥೆಯಿದೆ. ಪ್ರಜಾಪತಿಯ ಮಕ್ಕಳಾದ ದೇವತೆಗಳು, ಮನುಷ್ಯರು, ಅಸುರರು ಈ ಮೂರು ಬಗೆಯವರೂ ತಂದೆಯ ಬಳಿ ಬ್ರಹ್ಮಚರ್ಯದಿಂದಿದ್ದು, ಕೊನೆಗೆ ಉಪದೇಶ ಬೇಡುತ್ತಾರೆ. ಪ್ರಜಾಪತಿ ಎಲ್ಲರಿಗೂ ಹೇಳಿದ್ದು 'ದ' ಎಂಬ ಒಂದೇ ಅಕ್ಷರ. ದೇವತೆಗಳು ಅದನ್ನು ದಮ, ಎಂದರೆ ಇಂದ್ರಿಯನಿಗ್ರಹ ಎಂದು ತಿಳಿದರು. ಮನುಷ್ಯರು ದಾನವೆಂದು ತಿಳಿದರು. ಅಸುರರು ದಯೆಯೆಂದು ತಿಳಿದರು. ಪ್ರಜಾಪತಿ ಮೂರನ್ನೂ ಸರಿಯೆಂದು ಒಪ್ಪಿದನು. ಗುಡುಗು ಇಂದಿಗೂ ಅದೇ ಅಕ್ಷರವನ್ನು ನುಡಿಯುತ್ತಿದೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಇದಕ್ಕೆ ಭಾಷ್ಯ ಬರೆದ ಶಂಕರಾಚಾರ್ಯರು ಕಥೆಯ ಒಳಹೊಕ್ಕು ನೋಡಿದರು. ಒಂದೇ ಅಕ್ಷರ ಮೂರು ಬಗೆಯಾಗಿ ಕೇಳಿಸಿದ್ದು ಏಕೆ? ಅವರವರ ದೋಷ ಅವರವರ ಮನಸ್ಸಿಗೆ ಮೊದಲೇ ಚುಚ್ಚುತ್ತಿತ್ತು. ಮನುಷ್ಯನ ಸ್ವಭಾವ ಲೋಭ. ಆದುದರಿಂದಲೇ ಅವನಿಗೆ 'ಕೊಡು' ಎಂದು ಕೇಳಿಸಿತು. ಆಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವತೆ ಅಸುರರೆಂದು ಬೇರೆ ಯಾರೂ ಇಲ್ಲವೆಂದೂ ಅರ್ಥಮಾಡಬಹುದು ಎಂದರು. ಒಳ್ಳೆಯ ಗುಣಗಳಿದ್ದೂ ನಿಗ್ರಹವಿಲ್ಲದವನೇ ದೇವತೆ, ಲೋಭ ಮುಂದಾದವನೇ ಮನುಷ್ಯ, ಹಿಂಸೆಗಿಳಿದವನೇ ಅಸುರ. ಅಂದಮೇಲೆ ಮೂರು ಉಪದೇಶವೂ ನಮಗೇ ಸಂದದ್ದು.

ಉಪನಿಷತ್ತಿನ ಆಧಾರ ಹಿಡಿಯದೆಯೇ ಈ ಎಚ್ಚರವನ್ನು ಬಾಳಿ ತೋರಿಸಿದವರೂ ನಮ್ಮ ನಾಡಿನಲ್ಲಿದ್ದರು. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳೆಂಬುದು ಶರಣರ ಚರಿತ್ರೆಯಲ್ಲಿ ಪ್ರಸಿದ್ಧ. ಬಡತನದಲ್ಲೂ ಆಸೆ ಹೇಗೆ ನುಸುಳುತ್ತದೆಂಬುದನ್ನು ಆ ತಾಯಿ ಅರಿತಿದ್ದಳು.

ಹೊರನಾಡಿನಲ್ಲಿರುವ ನಮಗೆ ಈ ಪಾಠ ದೂರದ್ದಲ್ಲ. ಊರಿನ ಮನೆಯ ಪಾಲಿನ ಮಾತು ಬಂದಾಗ ನಾವೂ ಕಾಗದ, ಪೆನ್ಸಿಲ್ ಹಿಡಿದು ಕುಳಿತೆವು. ತಿಂಗಳ ಸಂಬಳ, ಸರ್ಕಾರಿ ಕ್ವಾರ್ಟರ್ಸು ನಮಗಿದ್ದವು. ಊರಿನಲ್ಲಿ ಅಣ್ಣ ಸೋರುವ ಹೆಂಚು ಹೊದಿಸುತ್ತ, ಅಮ್ಮನನ್ನು ಕಡೆಗಾಲದವರೆಗೆ ನೋಡಿಕೊಂಡಿದ್ದ. ಆ ಲೆಕ್ಕ ನಮ್ಮ ಕಾಗದದ ಮೇಲೆ ಇರಲೇ ಇಲ್ಲ. ಅದು ಹೊಳೆದ ರಾತ್ರಿ ಪೆನ್ಸಿಲ್ ಕೆಳಗಿಟ್ಟೆವು. ಮನೆ ಅವನಿಗೇ ಇರಲೆಂದು ಕಾಗದ ಬರೆದೆವು. ಕೊಟ್ಟೆವೆಂಬ ಹೆಮ್ಮೆಯೇನೂ ಉಳಿಯಲಿಲ್ಲ, ತಡವಾಯಿತೆಂಬ ನಾಚಿಕೆ ಉಳಿಯಿತು.

ಗುಡುಗೆಂದರೆ ಮಿಂಚಿನ ಶಾಖಕ್ಕೆ ಗಾಳಿ ಥಟ್ಟನೆ ಹಿಗ್ಗಿ ಏಳುವ ಸದ್ದೆಂದು ಬಿ.ಎಸ್ಸಿ. ತರಗತಿಯಲ್ಲಿ ಓದಿದ್ದೆವು. ಅದೇನೂ ಸುಳ್ಳಾಗಿಲ್ಲ. ಆದರೂ ಮಳೆಗಾಲದ ಮೊದಲ ಗುಡುಗು ಕೇಳಿದಾಗ, ಅದು ನಮಗೇನು ಹೇಳುತ್ತಿದೆಯೆಂದು ಈಗ ಒಂದು ಗಳಿಗೆ ಕಿವಿಗೊಡುತ್ತೇವೆ.